ಏಳಾಗಿ ಬಂದ ಅಕ್ಷರ

ಮನೆತನದಲ್ಲಿ ಒಬ್ಬನಿಗೆ ಒಂದು ವಿದ್ಯೆ ಗೊತ್ತು ಎಂದು ಒಮ್ಮೆ ಹೆಸರಾಗಿಬಿಟ್ಟರೆ ಸಾಕು, ಆಮೇಲೆ ಆ ವಿದ್ಯೆ ಅವನಿಗೆ ನಿಜವಾಗಿ ಗೊತ್ತಿರಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ನಮ್ಮ ಸೋದರಮಾವ ಒಬ್ಬರು ಚೇಳಿನ ಮಂತ್ರ ಬಲ್ಲವರೆಂದು ಹೆಸರಾಗಿದ್ದರು. ಕಡಿಸಿಕೊಂಡವರು ಅಳುತ್ತ ಬಂದರೆ ಗೋಡೆಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದರು; ನೋವು ಇಳಿಯುತ್ತಿತ್ತು. ಅವರು ಹೇಳುತ್ತಿದ್ದದ್ದು ಹತ್ತೊಂಬತ್ತರ ಮಗ್ಗಿ ಎಂದು ಕೊನೆಗಾಲದಲ್ಲಿ ನನ್ನೊಬ್ಬನಿಗೇ ಗುಟ್ಟು ಬಿಟ್ಟುಕೊಟ್ಟರು. ನನಗೆ ಅಂಟಿಕೊಂಡ ಹೆಸರು ಕಂಪ್ಯೂಟರಿನ ಕನ್ನಡದ್ದು. ರಾಯಚೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ನಾನು ಹಿಂದೊಮ್ಮೆ ಬಂಧುಗಳ ಮದುವೆ ಪತ್ರಿಕೆಯಲ್ಲಿ ಒತ್ತು ಕಳಚಿ ಬಿದ್ದದ್ದನ್ನು ಸರಿಮಾಡಿಕೊಟ್ಟಿದ್ದೆ. ಅಲ್ಲಿಂದ ಮುಂದೆ ನಮ್ಮವರ ಪೈಕಿ ಯಾರು ಹುಟ್ಟಲಿ, ಯಾರು ಹೋಗಲಿ, ಅಕ್ಷರ ಮೂಡಿಸುವ ಕೆಲಸ ನನ್ನದೇ. ನಾನೂ ಬೇಡವೆನ್ನಲಿಲ್ಲ. ಹೊಗಳಿಕೆಗೆ ಗೋಡೆಯ ಕಡೆ ಮುಖ ಮಾಡಿ ನಿಲ್ಲುವ ಚಾಳಿ ನಮ್ಮ ರಕ್ತದಲ್ಲೇ ಇದೆಯೆಂದು ಕಾಣುತ್ತದೆ.

ಹೋದ ಬೇಸಿಗೆಯಲ್ಲಿ ಮಾನ್ವಿಯಿಂದ ಅಕ್ಕನ ಗಂಡ ವೀರಭದ್ರಪ್ಪ ಮಾಮ ಫೋನು ಮಾಡಿದರು. ಕವಿತಾಳದ ಕಡೆ ಹೋಗುವ ದಾರಿಯಲ್ಲಿ ಅವರದೊಂದು ರೈಸ್ ಮಿಲ್ ಇದೆ, ಮನೆಯೂ ಅದೇ ಆವರಣದಲ್ಲಿ. ಮಿಲ್ಲಿನ ಹಿಂದೆ ಹೊಸ ಗೋದಾಮಿಗೆಂದು ಪಾಯ ತೋಡಿಸುವಾಗ ಉದ್ದನೆಯ ಕಲ್ಲೊಂದು ಸಿಕ್ಕಿತ್ತು. ನೆತ್ತಿಯಲ್ಲಿ ಸೂರ್ಯ, ಚಂದ್ರ. ಕೆಳಗೆ ಕರುವಿಗೆ ಹಾಲೂಡುವ ಆಕಳು. ಅದರ ಕೆಳಗೆ ಮೈತುಂಬ ಹಳೆಯ ಅಕ್ಷರಗಳು. ದೇವದುರ್ಗದ ಕಾಲೇಜಿನಲ್ಲಿ ಕನ್ನಡ ಕಲಿಸುವ, ನನ್ನ ಜೊತೆಗೇ ಓದಿದ ನಾಗರತ್ನಾ ಮೇಡಂ ಬಂದು ಅಕ್ಷರ ಎದ್ದು ಕಾಣುವಂತೆ ಹಿಟ್ಟು ಸವರಿ ಅದನ್ನು ಓದಿ ಬರೆದುಕೊಟ್ಟಿದ್ದರು. ಆ ನೆಲವನ್ನು ಯಾರೋ ಒಬ್ಬ ಪುಣ್ಯಾತ್ಮ ಗುಡಿಯ ನಂದಾದೀಪದ ಎಣ್ಣೆಗೆಂದು ಬಿಟ್ಟುಕೊಟ್ಟಿದ್ದನಂತೆ. ಈ ಧರ್ಮವನ್ನು ಅಳಿದವನ, ಎಂದರೆ ಕೆಡಿಸಿದವನ, ಮನೆಯಲ್ಲಿ ಏಳು ತಲೆಮಾರು ದೀಪ ಹಚ್ಚುವವರಿಲ್ಲದೆ ಹೋಗಲಿ ಎಂದು ಕೊನೆಯ ಸಾಲು.

ಅಕ್ಕ ಅಂದಿನಿಂದ ಸರಿಯಾಗಿ ಉಂಡಿರಲಿಲ್ಲ. ಮಗಳು ಅಂಬಿಕಾ ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು; ಅವಳಿಗೆ ಆಗ ಏಳನೆಯ ತಿಂಗಳು ನಡೆಯುತ್ತಿತ್ತು. ಮಾಮ ಮಾತ್ರ ವ್ಯವಹಾರಸ್ಥರು. "ಕಲ್ಲಿಗಿ ಮರ್ಯಾದಿ ಮಾಡಿದ್ರ ಕಲ್ಲು ಯಾಕ ಸಿಟ್ಟಾಗತದ? ಅದರಾಗಿದ್ದದ್ದು ಗ್ರಾನೈಟಿನ ಮ್ಯಾಲ ಚಂದಗೆ ಕೆತ್ತಿಸಿ, ಬಾಜೂಕ ನಿಲ್ಲಿಸಿ, ಪೂಜಿ ಮಾಡಿಸಿ, ಆಮ್ಯಾಲ ಗೋದಾಮು ಕಟ್ತೀನಿ. ನೀ ಬಂದು ಟೈಪ್ ಮಾಡಿಕೊಡು ಮಾಸ್ತರ" ಎಂದರು.

ನಾನು ಹೋದದ್ದು ನಡುಮಧ್ಯಾಹ್ನ. ನಮ್ಮ ಕಡೆಯ ಬೇಸಿಗೆಯ ನಡುಮಧ್ಯಾಹ್ನ ಕಂಡವರಿಗೆ ಗೊತ್ತು, ಅದಕ್ಕಿಂತ ನಿರ್ಜನವಾದ ಹೊತ್ತು ಮತ್ತೊಂದಿಲ್ಲ. ರಸ್ತೆಯಲ್ಲಿ ನಾಯಿಯೂ ಇಲ್ಲ, ಮೈಗೆ ನೆರಳೂ ಇಲ್ಲ. ಮಿಲ್ಲಿನ ಆಫೀಸಿನ ಕೋಣೆಯಲ್ಲಿ ಎಲ್ಲದರ ಮೇಲೂ ತೌಡಿನ ಧೂಳು ಕೂತಿತ್ತು: ಮೇಜು, ದೇವರ ಪಟ, ಕ್ಯಾಲೆಂಡರು, ಕೀಬೋರ್ಡು. ಕಿಟಕಿಯ ಆಚೆ ಕಲ್ಲು ನಿಂತಿತ್ತು. ಅದನ್ನು ನೆಟ್ಟವರು ಮುಖವನ್ನು ಸರಿಯಾಗಿ ಕೋಣೆಯ ಕಡೆಗೇ ಮಾಡಿದ್ದರು. ನಾನು ಕುರ್ಚಿಯನ್ನು ಸ್ವಲ್ಪ ಸರಿಸಿ ಕೂತೆ. ಹೆದರಿಕೆಯಿಂದಲ್ಲ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಅಂತ ಆಗ ಹೇಳಿಕೊಂಡೆ.

ಮೊದಲ ಸಾಲುಗಳು ಸರಾಗವಾಗಿ ಇಳಿದವು. ತೊಡಕು ಶುರುವಾದದ್ದು ಶಾಪದಲ್ಲಿ. ಕಲ್ಲಿನಲ್ಲಿ ಇದ್ದದ್ದು 'ಅಳಿದವನು' ಅಲ್ಲ, 'ಅೞಿದವಂ'. ಆ ನಡುವಿನ ೞ ಕನ್ನಡದ ವರ್ಣಮಾಲೆಯನ್ನು ಬಿಟ್ಟುಹೋಗಿ ಎಷ್ಟೋ ಶತಮಾನಗಳಾದವು. ಕೀಬೋರ್ಡಿನಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಯೂನಿಕೋಡಿನಲ್ಲಿ ಸತ್ತ ಅಕ್ಷರಗಳಿಗೂ ಒಂದೊಂದು ಸಂಕೇತ ಇರುತ್ತದೆ. ಎಡಿಟರಿನಲ್ಲಿ ಆ ಸಂಕೇತವನ್ನು ಹೊಡೆದು, ಗೊತ್ತಾದ ಒಂದೆರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಂಕೇತ ಮಾಯವಾಗಿ ಅಕ್ಷರ ಎದ್ದು ಬರುತ್ತದೆ. ಇದನ್ನು ನಾನು ಮಾಮನಿಗೆ ವಿವರಿಸಿದೆ. ವಿವರಿಸುವಾಗ ದನಿ ತಾನಾಗಿ ತಗ್ಗಿತು. "ಅಂದ್ರ ಸತ್ತದ್ದನ್ನ ಎಬ್ಬಿಸೂ ಮಂತ್ರ ಅನ್ನು" ಎಂದರು ಮಾಮ. ಬಾಗಿಲಲ್ಲಿ ಮಜ್ಜಿಗೆ ತಂಬಿಗೆ ಹಿಡಿದು ನಿಂತಿದ್ದ ಅಕ್ಕ ಒಳಗೆ ಬರಲಿಲ್ಲ.

ಸಂಕೇತ ನನಗೆ ಬಾಯಿಪಾಠವಾಗಿತ್ತು. ಸೊನ್ನೆ, ಸಿ, ಇ, ಡಿ. ಹೊಡೆದೆ. ಪರದೆಯ ಮೇಲೆ ಮೂಡಿದ್ದು '0ಚೆದ'.

"ಛೇದ ಅಂತ ಬಂತಲ್ಲೋ!" ಎಂದರು ಮಾಮ.

"ಛೇದ ಅಂದ್ರ ಕತ್ತರಿಸೂದು ಅಲ್ಲೇನು?" ಬಾಗಿಲಿನಿಂದ ಅಕ್ಕ ಕೇಳಿದಳು. "ಯವ್ವಾ, ಏನನ್ನ ಕತ್ತರಸ್ತದಂತ?"

ನಾನು ನಕ್ಕೆ. ಕೀಬೋರ್ಡು ಕನ್ನಡದಲ್ಲೇ ಇದ್ದುದರಿಂದ ಇಂಗ್ಲಿಷ್ ಅಕ್ಷರಗಳೆಲ್ಲ ಕನ್ನಡವಾಗಿ ಬಿದ್ದಿದ್ದವು, ಅಷ್ಟೆ. ಇಂಗ್ಲಿಷಿಗೆ ಬದಲಿಸಿ ಮತ್ತೆ ಹೊಡೆದು, ಕೀಲಿಗಳನ್ನು ಒತ್ತಿ, ಸೋದರಮಾವನ ಗತ್ತಿನಲ್ಲಿ ಹಿಂದಕ್ಕೆ ಒರಗಿದೆ. ಸಂಕೇತ ಮಾಯವಾಯಿತು. ಅದರ ಜಾಗದಲ್ಲಿ '೭' ಬಂದು ಕೂತಿತು. ಅದರ ಪಕ್ಕದಲ್ಲಿ, ಮೊದಲೇ ಹೊಡೆದಿಟ್ಟಿದ್ದ ಗುಡಿಸು ತನ್ನ ಅಕ್ಷರ ಕಾಣದೆ, ಚುಕ್ಕಿಗಳ ಉಂಗುರವೊಂದರ ತಲೆಯ ಮೇಲೆ ತೇಲುತ್ತಿತ್ತು.

ಆ ಹೊತ್ತಿಗೇ ಕರೆಂಟು ಹೋಯಿತು. ಮಿಲ್ಲಿನ ಯಂತ್ರಗಳು ಒಂದೊಂದಾಗಿ ಉಸಿರು ಬಿಟ್ಟು ನಿಂತವು. ಬಂದಾಗಿನಿಂದ ಆ ಸದ್ದಿಗೆ ಒಗ್ಗಿದ ಕಿವಿಗೆ ಮೌನವೇ ಹೊಡೆತದಂತೆ ಬಿತ್ತು. ಬ್ಯಾಟರಿಯ ಮೇಲೆ ಕಂಪ್ಯೂಟರ್ ಮಾತ್ರ ಬೆಳಗುತ್ತಿತ್ತು. ಮಾಮ ಪರದೆಗೆ ಬಾಗಿ, ಶಾಲೆಯ ಹುಡುಗನಂತೆ ಗಟ್ಟಿಯಾಗಿ ಓದಿದರು: "ಏಳು."

ಮೂಲೆಯ ಚೀಲಗಳ ಹಿಂದಿನಿಂದ ಬಿಳಿಯ ಆಕೃತಿಯೊಂದು ಎದ್ದು ನಿಂತಿತು. ತಲೆ, ಮೀಸೆ, ರೆಪ್ಪೆ ಎಲ್ಲ ಬಿಳಿ. ಅಕ್ಕನ ಕೈಯಿಂದ ತಂಬಿಗೆ ಬಿತ್ತು. ನಾನು ಕಿರುಚಲಿಲ್ಲ, ಬಾಯಿ ತೆರೆದದ್ದು ನಿಜ, ದನಿ ಬರಲಿಲ್ಲ.

"ಜರಾ ಕಣ್ಣು ಹತ್ತಿತ್ರೀ ಸಾವ್ಕಾರ್ರ" ಎಂದಿತು ಆಕೃತಿ. "ಏಳು ಅಂದ್ರಿ, ಎದ್ದೆ."

ಅದು ಮಿಲ್ಲಿನ ಮುನ್ಶಿ ರಾಜಾಸಾಬ. ಊಟ ಮಾಡಿ ಚೀಲಗಳ ನಡುವೆ ಅಡ್ಡಾಗಿದ್ದವನ ಮೇಲೆ ತೌಡಿನ ಧೂಳು ಕೂತಿತ್ತು. ನಾವೆಲ್ಲ ನಕ್ಕೆವು. ನಗು ಬೇಗ ಮುಗಿಯಿತು. ಏಕೆಂದರೆ ನಾನು ಮತ್ತೆ ಹೊಡೆದೆ, ಮತ್ತೆ ಏಳೇ ಬಂತು. ಫಾಂಟ್ ಬದಲಿಸಿದೆ: ಬೇರೆ ಚಂದದ ಏಳು. ಎಡಿಟರನ್ನೇ ಬದಲಿಸಿದೆ: ಏಳು. ಕಂಪ್ಯೂಟರನ್ನು ಮುಚ್ಚಿ ತೆರೆದೆ, ಒಳಗಿದ್ದದ್ದು ಏನಾದರೂ ಇದ್ದರೆ ಆ ಸಂದಿನಲ್ಲಿ ಹೋಗಲೆಂದು. ಅದು ಹೋಗಿರಲಿಲ್ಲ. ಕೊನೆಗೆ ಗಾಬರಿಯಲ್ಲಿ ಕೀಲಿ ಒತ್ತಿಹಿಡಿದೆನೋ ಏನೋ, ಸಾಲು ತುಂಬ ಏಳುಗಳು ಹರಿದುಹೋದವು. ಹೊರಗಿನ ಕಲ್ಲಿನಲ್ಲಿ ಏಳು ತಲೆಮಾರು, ಒಳಗಿನ ಪರದೆಯಲ್ಲಿ ಏಳರ ಸಾಲು, ಅಡುಗೆಮನೆಯಲ್ಲಿ ಏಳು ತಿಂಗಳ ಬಸುರಿ ಅಂಬಿಕಾ ಏನೂ ತಿಳಿಯದೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಅಕ್ಕ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

"ಹೋಗಲಿ ಬಿಡೋ" ಎಂದರು ಮಾಮ. ಅವರ ದನಿಯಲ್ಲಿ ಹೊಸ ಆಸೆ ಕಂಡಿತು. "ಆ ಅಕ್ಷರಕ್ಕ ಬರಾಕ ಮನಸಿಲ್ಲಂದ್ರ ಆ ಸಾಲು ಬಿಟ್ಟಬಿಡು. ದಾನ ಕೊಟ್ಟದ್ದಷ್ಟ ಇರಲಿ. ಅಳಿದವ ಅಂತ ಬರೀಲಿಲ್ಲಂದ್ರ ಅಳಿದವ ಯಾರೂ ಇಲ್ಲ ಅಂತಾತು."

"ಕಲ್ಲಿನ ಮಾತು ನುಂಗಬಾರದ್ರೀ" ಎಂದಳು ಅಕ್ಕ. "ನುಂಗಿದ್ದು ಹೊಟ್ಟ್ಯಾಗ ಕೂಡತದ. ಮನ್ಯಾಗ ಬಸುರಿ ಅದಾಳ."

ಗಂಡ ಹೆಂಡಿರ ನಡುವೆ ನಾನು ಅಕ್ಕನ ಪಕ್ಷ ಹಿಡಿದೆ. ಧರ್ಮಬುದ್ಧಿಯಿಂದ ಎಂದು ಓದುಗರು ತಿಳಿದರೆ ಸಂತೋಷ. ನಿಜವಾಗಿ ನನ್ನನ್ನು ಕಾಡಿದ್ದು, ಒಂದು ಅಕ್ಷರಕ್ಕೆ ಸೋತೆ ಎಂಬ ಸುದ್ದಿ ನೆಂಟರಲ್ಲಿ ಹಬ್ಬುವ ಚಿಂತೆ. ನಾಗರತ್ನಾ ಮೇಡಂಗೆ ಫೋನು ಹಚ್ಚಿದೆ. ಎಲ್ಲ ಕೇಳಿಸಿಕೊಂಡು ಅವರು, "ಯಾವ ಕೋಡ್ ಹೊಡ್ಯಾಕತ್ತೀರಿ ಸರ? ಒಂದೊಂದ ಹೇಳ್ರಿ" ಎಂದರು. ಹೇಳಿದೆ. ಅವರು ನಕ್ಕರು.

"ಕಡೀ ಎರಡು ಹಿಂದಮುಂದ ಮಾಡೀರಿ. ಡಿ ಮೊದಲು, ಇ ಆಮ್ಯಾಲ. ನೀವು ಹೊಡದದ್ದು ಕನ್ನಡ ಅಂಕಿ ಏಳರ ಕೋಡ್ ರೀ."

ನನ್ನ ಕಿವಿ ಬಿಸಿಯಾಯಿತು. ಆದರೆ ಅವರು ಫೋನು ಇಡಲಿಲ್ಲ. "ಆದ್ರೂ ಒಂದು ಮಾತು ಸರ" ಎಂದರು. ದನಿಯಲ್ಲಿ ನಗು ಇರಲಿಲ್ಲ. "ಹಳಗನ್ನಡದಾಗ ಏಳು ಅಂತ ಬರೀಬೇಕಂದ್ರ ಇದ ಅಕ್ಷರ ಬೇಕು. ಏೞು. ಅಷ್ಟು ಸಾವಿರ ಅಕ್ಷರ ಅದಾವು, ತಪ್ಪಿ ಬರೂದಾದ್ರ ಯಾವುದರ ಬರಬಹುದಿತ್ತು. ಅದು ತಾನು ಇರೂ ಹೆಸರಿನ ಅಂಕೀನ ಯಾಕ ಕಳಿಸ್ತೋ."

ಈ ಮಾತನ್ನು ನಾನು ಮಾಮನಿಗೂ ಅಕ್ಕನಿಗೂ ಹೇಳಲಿಲ್ಲ. ಬೆವರು ಒರೆಸಿಕೊಂಡು ಸರಿಯಾದ ಸಂಕೇತ ಹೊಡೆದೆ. ಕೀಲಿ ಒತ್ತುವ ಮೊದಲು, ಅದು ಬಾರದಿದ್ದರೇ ಒಳ್ಳೆಯದು ಎಂದು ಒಂದು ಕ್ಷಣ ಅನಿಸಿತು. ಒತ್ತಿದೆ. ಬಂತು. ೞ, ಕಲ್ಲಿನ ಮೇಲಿದ್ದ ಹಾಗೆಯೇ, ಒಳಕ್ಕೆ ಸುತ್ತಿಕೊಂಡು. ತೇಲುತ್ತಿದ್ದ ಗುಡಿಸು ಸರಕ್ಕನೆ ಹೋಗಿ ಅದರ ತಲೆಯೇರಿತು. ಅದೇ ಗಳಿಗೆಗೆ ಕರೆಂಟು ಬಂದು, ಇಡೀ ಮಿಲ್ಲು ಧಡ್ಡೆಂದು ಎಚ್ಚೆತ್ತು, ಕಾಲ ಕೆಳಗಿನ ನೆಲ ನಡುಗಿತು.

"ಬಂತಲ್ಲ" ಎಂದಳು ಅಕ್ಕ, ಸಂತೋಷವೇನೂ ಇಲ್ಲದ ದನಿಯಲ್ಲಿ. "ಕರೀಬಾರದಿತ್ತೇನೋ."

ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ರಾಯಚೂರಿಗೆ ಬಂದು, ಮರುದಿನ ಗ್ರಾನೈಟ್ ಕೆತ್ತುವ ನರಸಿಂಹಲು ಅವರ ಕೈಗೆ ಕೊಟ್ಟೆ. ಅವರು ಕೈಯಿಂದ ಕೆತ್ತುವವರಲ್ಲ. ಕಂಪ್ಯೂಟರ್ ಹೇಳಿದಂತೆ ಕೆತ್ತುವ ಯಂತ್ರ ಇಟ್ಟವರು. ಪರೀಕ್ಷೆಯ ಕೆಲಸದಲ್ಲಿ ಸಿಕ್ಕಿಬಿದ್ದ ನಾನು ಮತ್ತೆ ಆ ಕಡೆ ತಲೆಹಾಕಲಿಲ್ಲ. ಕಲ್ಲು ನೇರವಾಗಿ ಮಾನ್ವಿಗೆ ಹೋಯಿತು. ಪೂಜೆಯ ದಿನ ನಾನು ಹೋಗಿ ನೋಡಿದರೆ, ಕನ್ನಡಿಯಂಥ ಕಪ್ಪು ಕಲ್ಲಿನ ಮೇಲೆ ಎಲ್ಲ ಸಾಲುಗಳೂ ಮುತ್ತಿನಂತೆ ಇದ್ದವು. ಕೊನೆಯ ಸಾಲಿನಲ್ಲಿ ಮಾತ್ರ ಅ ಆದಮೇಲೆ ಒಂದು ಖಾಲಿ ಚೌಕ. ಉಳಿದ ಅಕ್ಷರಗಳಿಗಿಂತ ಆಳವಾಗಿ, ಬೆರಳು ಇಳಿಯುವಷ್ಟು, ಕಪ್ಪಗೆ ತೋಡಿದ ಚೌಕ.

ನರಸಿಂಹಲುಗೆ ಅಲ್ಲಿಂದಲೇ ಫೋನು ಮಾಡಿದೆ. "ನಿಮ್ಮ ಫೈಲಿನಾಗ ಚೌಕ ಕಾಣ್ತು ಸಾರು, ಚೌಕ ಕೆತ್ತೀನಿ" ಎಂದರು. "ಏನೋ ಪೂಜೆ ಯಂತ್ರ ಗಿಂತ್ರ ಇರಬೇಕು, ಕೇಳೋದು ಸರಿ ಅಲ್ಲ ಅಂತ ಸುಮ್ನಾದೆ. ಅಷ್ಟು ಆಳ ಯಾಕ ಇಳೀತೋ ನನಗೂ ತಿಳೀಲಿಲ್ಲ."

ಕಾರಣ ಸರಳ. ಅವರ ಯಂತ್ರದ ಫಾಂಟಿನಲ್ಲಿ ೞ ಇಲ್ಲ. ತನ್ನಲ್ಲಿ ಇಲ್ಲದ ಅಕ್ಷರದ ಬದಲು ಫಾಂಟು ಖಾಲಿ ಚೌಕ ತೋರಿಸುತ್ತದೆ. ಇದನ್ನು ನಾನು ನೆರೆದವರಿಗೆಲ್ಲ ಬಿಡಿಸಿ ಹೇಳಿದೆ. ಮಿಲ್ಲಿನಲ್ಲಿ ಭತ್ತ ಹರಡುವ ಹೆಂಗಸರು ಗೌರವದಿಂದ ಕೇಳಿದರು. ಅವರಲ್ಲಿ ಹಿರಿಯಳಾದ ದುರುಗಮ್ಮ, "ಹೌದ್ರೀ ಯಪ್ಪಾ, ಅಕ್ಷರ ಇಲ್ಲ" ಎಂದಳು. "ಅದು ಹೊರಗ ಬಂದು ಹೋಗ್ಯಾದ. ಇದು ಅದು ಹೋದ ಬಾಗಿಲು."

ಮಾಮ ಆ ಚೌಕದ ಮುಂದೆ ಬಹಳ ಹೊತ್ತು ನಿಂತಿದ್ದರು. ಕಲ್ಲು ಕನ್ನಡಿಯಂತೆ ಹೊಳೆಯುತ್ತಿದ್ದುದರಿಂದ ಅವರ ಮುಖ ಅದರಲ್ಲಿ ಕಾಣುತ್ತಿತ್ತು. ಎಲ್ಲಿ ನಿಂತರೂ ಚೌಕ ಎದೆಯ ನೇರಕ್ಕೇ ಬರುತ್ತಿತ್ತು. "ಶಾಪದಾಗ ಜಾಗ ಖಾಲಿ ಬಿಟ್ಟಾರಲ್ಲೋ ಮಾಸ್ತರ" ಎಂದರು ಮೆಲ್ಲಗೆ. "ಯಾರನ್ನ ತುಂಬಾಕ?"

ಆ ವಾರವೇ ಪಾಯದ ಗುಂಡಿ ಮುಚ್ಚಿಸಿದರು. ಗೋದಾಮು ರಸ್ತೆಯ ಆಚೆ ಕಟ್ಟುತ್ತಿದ್ದಾರೆ. ಕಲ್ಲು ಸಿಕ್ಕ ನೆಲದಲ್ಲಿ ಕುಸುಬೆ ಬಿತ್ತಿಸುವುದು, ಬಂದ ಎಣ್ಣೆಯನ್ನು ಊರ ಗುಡಿಯ ದೀಪಕ್ಕೆ ಕೊಡುವುದು ಎಂದು ಅಕ್ಕ ಗೊತ್ತುಮಾಡಿದಳು, ಮಾಮ ಎದುರಾಡಲಿಲ್ಲ. ಅಂಬಿಕಾಗೆ ದಿನ ತುಂಬಿ ಹೆಣ್ಣುಮಗು ಆಯಿತು. ಕೂಸು ಗಟ್ಟಿಮುಟ್ಟಾಗಿದೆ, ಅದು ಅತ್ತರೆ ಮಿಲ್ಲಿನ ಸದ್ದು ಕೇಳುವುದಿಲ್ಲ ಎನ್ನುತ್ತಾರೆ. ಅಕ್ಷರವನ್ನು ಸರಿಯಾಗಿ ಕೆತ್ತಿಸಿಕೊಡುತ್ತೇನೆಂದು ನಾನು ಬೇಡಿಕೊಂಡಿದ್ದೇನೆ, ಯಾರೂ ಒಪ್ಪುತ್ತಿಲ್ಲ. ಹೆಂಗಸರು ಚೌಕದ ಅಂಚಿಗೆ ಕುಂಕುಮ ಹಚ್ಚಿ, ಒಳಗೊಂದು ಪುಟ್ಟ ಹಣತೆ ಇಡುತ್ತಾರೆ. ಅಳತೆ ಮಾಡಿ ತೋಡಿದಂತೆ ಹಣತೆ ಅದರಲ್ಲಿ ಕೂಡುತ್ತದೆ. ಮೊನ್ನೆ ನಡುಮಧ್ಯಾಹ್ನ ಹೋದಾಗ ಮಿಲ್ಲು ನಿಂತಿತ್ತು, ಸುತ್ತ ಯಾರೂ ಇರಲಿಲ್ಲ, ಸುಡುಗಾಳಿ ಬೀಸುತ್ತಿತ್ತು. ದೀಪದ ಕುಡಿ ಅಲುಗಾಡಲಿಲ್ಲ. ಚೌಕ ಆಳವಾಗಿದ್ದರಿಂದ ಗಾಳಿ ತಾಗುವುದಿಲ್ಲ, ಅಷ್ಟೆ.

ನನ್ನ ವಿದ್ಯಾರ್ಥಿಗಳಿಗೂ ಹೀಗೆಯೇ ಹೇಳುತ್ತೇನೆ: ಅಕ್ಷರದ ಬದಲು ಚೌಕ ಬಂದರೆ ಹೆದರಬೇಡಿ, ಅದು ಫಾಂಟಿನ ಕೊರತೆ, ಬೇರೆ ಫಾಂಟ್ ಹಾಕಿದರೆ ಸರಿಹೋಗುತ್ತದೆ. ಈಚೆಗೆ ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ಅಂಥದೊಂದು ಚೌಕ ಕಾಣಿಸಿಕೊಂಡಾಗ, ಸಹೋದ್ಯೋಗಿಗಳು ವಾಡಿಕೆಯಂತೆ ನನ್ನನ್ನೇ ಕರೆದು ಕೂರಿಸಿದರು. ಸರಿಮಾಡಿಕೊಟ್ಟೆ, ಹೊಗಳಿಸಿಕೊಂಡೆ. ಫಾಂಟ್ ಬದಲಿಸುವ ಮೊದಲು ಮೇಜಿನ ಕೆಳಗೆ ನಾನು ಮೆಲ್ಲಗೆ ಚಪ್ಪಲಿ ಕಳಚಿದ್ದನ್ನು ಯಾರೂ ನೋಡಲಿಲ್ಲ.