ನನ್ನ ಗಲ್ಲದ ನಾಚಿಕೆ

ಮೊಡವೆಗಳು ಹರೆಯದಲ್ಲಿ ಬಂದು ಹೋಗುವ ನೆಂಟರು ಎಂದು ನಾನು ನಂಬಿದ್ದೆ. ನನ್ನ ಮುಖದಲ್ಲಿ ಮಾತ್ರ ಅವು ಇಪ್ಪತ್ತೆಂಟು ತುಂಬಿದರೂ ಠಿಕಾಣಿ ಹೂಡಿಬಿಟ್ಟಿದ್ದವು. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಬೆಳಗಾವಿಯ ಆಟೋ ನಗರದಲ್ಲಿ ನೌಕರಿ, ಪೀರನವಾಡಿಯಲ್ಲಿ ಸ್ವಂತ ಮನೆ, ಆದರೂ ನನಗೆ ಕನ್ಯೆ ಕೂಡಿ ಬರಲೊಲ್ಲದು. ಪಾರಿಶ್ವಾಡದ ಕನ್ಯೆಯ ಕಡೆಯವರಂತೂ ಮುಖದ ಮೇಲೆಯೇ ಹೇಳಿದರು: “ಹುಡುಗ ಚಲೋ ಅದಾನ್ರಿ. ಮಾರಿ ಮ್ಯಾಲಿನ ಗುಳ್ಳಿ ಹೋಗಲಿ, ಆಮ್ಯಾಗ ನೋಡೂಣು.” ಆ ಮಾತು ನನಗೆ ನಾಲ್ಕು ದಿನ ಊಟ ಸೇರದಂತೆ ಮಾಡಿತು. ಮುಂದಿನ ಭಾನುವಾರ ಖಾನಾಪುರದಲ್ಲಿ ಇನ್ನೊಂದು ಕನ್ಯೆ ನೋಡುವುದಿತ್ತು. ಅದೂ ತಪ್ಪಿದರೆ ಗತಿಯೇನೆಂದು ಚರ್ಮದ ಡಾಕ್ಟರ ಬಳಿ ಓಡಿದೆ.

ಅವರು ಆಲ್ಫಾ ಹೈಡ್ರಾಕ್ಸಿ ಆ್ಯಸಿಡ್ ಇರುವ ಕ್ರೀಮು ಬರೆದುಕೊಟ್ಟರು. “ಇದು ಕಬ್ಬಿನ್ಯಾಗೂ ಇರತೈತಿ, ಅಂಜಬ್ಯಾಡ್ರಿ. ರಾತ್ರಿ ಅಷ್ಟ, ತೆಳ್ಳಗ ಹಚ್ಚರಿ. ಬಿಸಲಾಗ ಅಡ್ಡ್ಯಾಡಬ್ಯಾಡ್ರಿ. ಗುಣಾ ಕಾಣಾಕ ಎರಡ ಮೂರ ತಿಂಗಳ ಬೇಕು,” ಎಂದರು. ಇದನ್ನೆಲ್ಲ ಅವ್ವನಿಗೆ ಒಪ್ಪಿಸಿದೆ. ಅವಳ ಕಿವಿಗೆ ಬಿದ್ದದ್ದು ಕಬ್ಬು ಒಂದೇ.

ನಮ್ಮ ಮನೆಯಲ್ಲಿ ಏನನ್ನೂ ತೆಳ್ಳಗೆ ಹಚ್ಚುವ ರೂಢಿಯಿಲ್ಲ. ಹಬ್ಬದ ಎಣ್ಣೆಯಾಗಲಿ, ಮದುವೆಯ ಅರಿಷಿಣವಾಗಲಿ, ಅಂಗೈ ತುಂಬ ತೆಗೆದುಕೊಂಡು ತಿಕ್ಕಿ, ಮೈ ಹೀರಲೆಂದು ಬಿಸಿಲಿಗೆ ಕೂಡಿಸುವುದೇ ಪದ್ಧತಿ. ಭಾನುವಾರ ಬೆಳಿಗ್ಗೆ ಅವ್ವ ಕ್ರೀಮಿಗೂ ಅದೇ ಮರ್ಯಾದೆ ಮಾಡಿದಳು. “ಡಾಕ್ಟರ್ ಬ್ಯಾಡ ಅಂದಾರವಾ,” ಎಂದೆ. “ಕನ್ಯಾ ತೋರಸಾವ್ರು ನಿಮ್ಮ ಡಾಕ್ಟರೇನು? ಸುಮ್ನ ಕುಂದರ,” ಎಂದಳು. ಖರೇ ಹೇಳಬೇಕೆಂದರೆ, ಎರಡು ತಿಂಗಳಿನ ಗುಣ ಎರಡು ತಾಸಿನಲ್ಲಿ ಬಂದೀತೆಂಬ ಆಸೆ ನನಗೂ ಇತ್ತು. ಅಂಗಳದಲ್ಲಿ ಕಣ್ಣು ಮುಚ್ಚಿ ಕುಳಿತೆ. ಮೊದಲು ಚುರುಗುಟ್ಟಿತು, ಆಮೇಲೆ ಉರಿಯಿತು. ಎದ್ದು ಕನ್ನಡಿ ನೋಡಿದರೆ ಮೊಡವೆಗಳು ಕಾಣುತ್ತಿರಲಿಲ್ಲ, ನಿಜ. ಇಡೀ ಮುಖವೇ ಅವುಗಳ ಬಣ್ಣಕ್ಕೆ ತಿರುಗಿತ್ತು.

ಖಾನಾಪುರದಲ್ಲಿ ಉರಿ ತಡೆದುಕೊಳ್ಳುತ್ತ ತಲೆ ತಗ್ಗಿಸಿ ಕುಳಿತೆ. ಹುಡುಗಿ ಅವಲಕ್ಕಿ ತಂದಿಟ್ಟಳು. ಅವಳ ತಾಯಿ ನನ್ನನ್ನೇ ದಿಟ್ಟಿಸಿ, “ಅಯ್ಯ, ಹುಡುಗ ಎಷ್ಟ ಕೆಂಪಾಗ್ಯಾನ ನೋಡ್ರಿ! ಈಗಿನ ಕಾಲದಾಗ ಇಷ್ಟ ನಾಚೂ ಗಂಡಮಕ್ಕಳು ಎಲ್ಲಿ ಸಿಗತಾರ?” ಎಂದು ಹಿಗ್ಗಿದರು. ಆ ವಾರದೊಳಗೆ ಒಪ್ಪಿಗೆ ಬಂತು. ನನಗಾದ ಸಂತೋಷ ಹೇಳತೀರದು. ಆಮೇಲೆ ಕ್ರೀಮನ್ನು ಡಾಕ್ಟರು ಹೇಳಿದಂತೆ ರಾತ್ರಿ ಮಾತ್ರ ತೆಳ್ಳಗೆ ಹಚ್ಚಿದ್ದರಿಂದ ಮದುವೆಯ ಹೊತ್ತಿಗೆ ಮುಖವೂ ತಿಳಿಯಾಯಿತು.

ಮದುವೆಯಾದ ವರ್ಷ ಹೆಂಡತಿಗೆ ನಿಜ ಹೇಳಿಬಿಟ್ಟೆ. ಅವಳು ನಕ್ಕಳು. “ನಂಗ ಅವತ್ತ ಗೊತ್ತಾತ್ರಿ. ನಾಚಿದವ್ರ ಮೂಗಿನ ಸಿಪ್ಪಿ ಅವಲಕ್ಕ್ಯಾಗ ಉದರತೈತೇನು?”

“ಮತ್ತ ಹೂಂ ಯಾಕ ಅಂದಿ?”

“ಇಷ್ಟ ಉರಿ ತಡಕೊಂಡ ಪಿಟ್ಟ ಅನ್ನದ ಕುಂತಾವ್ರು, ನನ್ನ ಕೈ ಅಡಗೀನೂ ಸುಮ್ನ ಉಣತಾರ ಅಂತ.”

ಅಂದಿನಿಂದ ಪಲ್ಯ ಖಾರವಾಗಿದೆ ಎನ್ನುವ ಬಾಯಿ ನನಗಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಉಣ್ಣುತ್ತೇನೆ, ಮುಖ ಕೆಂಪೇರುತ್ತದೆ. ಮನೆಗೆ ಬಂದ ಅತ್ತೆ ಅದನ್ನು ಕಂಡು ಇವತ್ತಿಗೂ ಹಿಗ್ಗುತ್ತಾರೆ: “ನೋಡವಾ, ಅಳಿಯಂದಿರ ನಾಚಿಗಿ ಇನ್ನೂ ಹೋಗಿಲ್ಲ!”