ಒಂದೂವರೆನೇ ರೋಗಿ

ದವಡೆ ಹಲ್ಲಿನ ನೋವು ಗಣಿತದ ಮೇಷ್ಟ್ರಿಗೆ ಮೂರು ದಿನದಿಂದ ಊಟ ನಿದ್ದೆ ಎರಡನ್ನೂ ಬಿಡಿಸಿತ್ತು. ಹಲ್ಲು ಕೀಳುವ ಡಾಕ್ಟರು ಆಸ್ಪತ್ರೆಗೆ ಬರುವುದು ವಾರಕ್ಕೊಮ್ಮೆ, ಅದೂ ಒಂದೇ ತಾಸು. ಮೇಷ್ಟ್ರು ಬೆಳಿಗ್ಗೆ ಬೇಗನೆ ಹೋಗಿ ಹೆಸರು ಬರೆಸಿ ಟೋಕನ್ ಹಿಡಿದರು. ನಂಬರ್ ಎರಡು.

ನರ್ಸ್ ಒಂದನ್ನು ಕರೆದಳು. ಆಮೇಲೆ ಮೂರು. ಆಮೇಲೆ ಐದು.

"ಸಿಸ್ಟರ್, ನಂದು ಎರಡು," ಎಂದರು ಮೇಷ್ಟ್ರು, ಊದಿದ ಕೆನ್ನೆ ಹಿಡಿದು.

"ಕರೀತೀವಿ, ಕೂತ್ಕೊಳ್ಳಿ," ಎಂದು ಅವಳು ಏಳನ್ನು ಕರೆದಳು.

ಬೇರೆಯವರಾಗಿದ್ದರೆ ಜಗಳ ತೆಗೆಯುತ್ತಿದ್ದರು. ಮೇಷ್ಟ್ರು ಪೆನ್ನು ತೆಗೆದರು. ಸಂಖ್ಯೆಗಳು ಸಾಲಾಗಿ ಬಂದರೆ ಸಾಕು, ಎನ್‌ನೇ ಪದ ಯಾವುದೆಂದು ಕಂಡುಹಿಡಿಯದೆ ಅವರ ಜೀವಕ್ಕೆ ಸಮಾಧಾನವಿಲ್ಲ.

"ಎನ್‌ನೇ ರೋಗಿಯ ಟೋಕನ್, ಎರಡು ಎನ್ ಕಳೆ ಒಂದು," ಎಂದು ಪಕ್ಕದ ಟೈಲರ್‌ಗೆ ವಿವರಿಸಿದರು. "ನನ್ನ ಎರಡು ಬರಬೇಕಾದ್ರೆ ನಾನು ಒಂದೂವರೆನೇ ರೋಗಿ ಆಗ್ಬೇಕು. ಅಂಥವನು ಲೋಕದಲ್ಲೇ ಇಲ್ಲ."

ಟೈಲರ್ ತನ್ನ ನಾಲ್ಕನ್ನು ನೋಡಿಕೊಂಡ. "ಹಾಗಾದ್ರೆ ನಾನು?"

"ಎರಡೂವರೆನೇ. ನಿಮ್ಮ ಗತಿಯೂ ಅಷ್ಟೇ."

"ನಮ್ಮತ್ತೆ ನನ್ನನ್ನ ಯಾವತ್ತೂ ಪೂರ್ತಿ ಮನುಷ್ಯ ಅಂತ ಲೆಕ್ಕಕ್ಕೆ ಇಟ್ಟಿಲ್ಲ ಬಿಡಿ," ಎಂದು ಅವನು ಕಾಲು ಚಾಚಿದ.

ಎದುರು ಬೆಂಚಿನ ಅಜ್ಜಿಯ ಕೈಯಲ್ಲಿ ಒಂಬತ್ತಿತ್ತು. ಮೇಷ್ಟ್ರು ಫ್ಯಾನಿನ ಕೆಳಗಿನ ತಮ್ಮ ಕುರ್ಚಿ ಬಿಟ್ಟುಕೊಟ್ಟು, "ಅಮ್ಮಾ, ಎರಡು ಚಿಕ್ಕ ನಂಬರು, ಬೇಗ ಬರುತ್ತೆ," ಎಂದು ಟೋಕನ್ ಬದಲಾಯಿಸಿಕೊಂಡರು. ಹೇಳುವಾಗ ನಾಚಿಕೆಯೇನೋ ಆಯಿತು. ಆದರೆ ಹಲ್ಲು ನೋವಿನ ಮುಂದೆ ನಾಚಿಕೆ ಎಷ್ಟು ಹೊತ್ತು ನಿಲ್ಲುತ್ತದೆ?

ಮರುನಿಮಿಷವೇ ಒಂಬತ್ತನ್ನು ಕರೆದರು. ಮೇಷ್ಟ್ರು ಎದೆಯುಬ್ಬಿಸಿ ಒಳಗೆ ಹೋದರು. ಡಾಕ್ಟರು ಅವರ ಬಾಯಿ ತೆರೆಸಿ, ಕೈಯಲ್ಲಿದ್ದ ಪೂರ್ತಿ ಹಲ್ಲುಸೆಟ್ಟನ್ನು ಕೆಳಗಿಟ್ಟರು.

"ಇಷ್ಟೊಂದು ಹಲ್ಲು ಇಟ್ಕೊಂಡು ಇನ್ನೊಂದು ಸೆಟ್ ಯಾಕ್ರೀ ನಿಮಗೆ? ಬೆಸ ಸಂಖ್ಯೆ ಹಲ್ಲು ಕಟ್ಟಿಸೋರಿಗೆ. ಕೀಳಿಸೋರಿಗೆ ಸಮ ಸಂಖ್ಯೆ. ಕೀಳೋ ಡಾಕ್ಟರು ಈಗಷ್ಟೇ ಬಂದ್ರು, ಎದುರು ರೂಮಿಗೆ ಹೋಗಿ."

ಮೇಷ್ಟ್ರು ಬಿದ್ದಂಬೀಳ ಓಡಿದರು. ಅಜ್ಜಿ ಆಗಲೇ ಆ ರೂಮಿನಿಂದ ಹೊರಬಂದು ಫ್ಯಾನಿನ ಕೆಳಗೆ ಕೂತಿದ್ದಳು. ಒಳಗೆ ಹಲ್ಲು ಕೀಳುವ ಕುರ್ಚಿಯ ಮೇಲೆ ಟೈಲರ್ ಬಾಯಿ ತೆರೆದು ಮಲಗಿದ್ದ.

"ಸಿಸ್ಟರ್, ಎರಡು ನಂದು. ಅದಲುಬದಲಾಗಿದೆ. ನನ್ನ ಹಲ್ಲು ಕೀಳಿಸಿ."

ನರ್ಸ್ ರಿಜಿಸ್ಟರ್ ತಿರುಗಿಸಿದಳು. ಎರಡನೇ ನಂಬರಿನ ಎದುರು ಮೇಷ್ಟ್ರ ಹೆಸರು, ಅದರ ಮುಂದೆ ಡಾಕ್ಟರ ಅಕ್ಷರ: 'ಬಾಯಿ ಪೂರ್ತಿ ನೋಡಲಾಗಿದೆ. ಕೀಳಲು ಒಂದು ಹಲ್ಲೂ ಉಳಿದಿಲ್ಲ.'

"ನೋವಿಗೆ ಪ್ರಾಣ ಹೋಗ್ತಿದೆ ಕಣಮ್ಮಾ," ಎಂದರು ಮೇಷ್ಟ್ರು.

"ಇಲ್ಲದ ಹಲ್ಲು ಹೇಗೆ ಸಾರ್ ನೋಯುತ್ತೆ?" ಎಂದು ಅವಳು ಆರನ್ನು ಕರೆದಳು.