ಏಳದ ಹುಡುಗಿ, ಆರೂ ಐವತ್ತರ ಬಸ್ಸು

ಜನರನ್ನು ನಿದ್ದೆಯಿಂದ ಎಬ್ಬಿಸುವ ಕೆಲಸವನ್ನು ನಾನು ಬಿಟ್ಟರೂ ಅದು ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲ. ಇಪ್ಪತ್ತೆರಡು ವರ್ಷ ಪ್ರವಾಸಿಗರ ತಂಡಗಳನ್ನು ಕಟ್ಟಿಕೊಂಡು ದೇಶ ದೇಶ ಸುತ್ತಿದವಳು ನಾನು. ಹೊರಗಿನವರು ಅದನ್ನು ಟೂರ್ ಮ್ಯಾನೇಜರ್ ಕೆಲಸ ಅನ್ನುತ್ತಾರೆ. ಮಾಡಿದವರಿಗೆ ಗೊತ್ತು, ಅದು ಬೆಳಗಿನ ಜಾವ ನಲವತ್ತು ಜನರನ್ನು ಹಾಸಿಗೆಯಿಂದ ಎಬ್ಬಿಸಿ ಬಸ್ಸಿಗೆ ಹತ್ತಿಸುವ ಕೆಲಸ. ಉಳಿದದ್ದೆಲ್ಲ, ಪಿರಮಿಡ್ಡು ಸೇರಿ, ಆಮೇಲೆ ತಾನಾಗಿ ಆಗುತ್ತದೆ.

ಹೋದ ಕಾಫಿ ಕೊಯ್ಲಿನಲ್ಲಿ ಬಾಳೂರಿನ ಹತ್ತಿರ ಕಾಫಿ ತೋಟದಲ್ಲಿ ಇರುವ ನನ್ನ ತಂಗಿ ಫೋನ್ ಮಾಡಿದಳು.

"ಏಣಿ ಜಾರಿ ಕಾಲು ಮುರೀತು ಅಕ್ಕ. ಪ್ಲಾಸ್ಟರ್ ಹಾಕಿದಾರೆ. ಅಡುಗೆ ಹೇಗೋ ಕೂತೇ ಮಾಡ್ತೀನಿ. ಮಹಡಿ ಹತ್ತಿ ಇವಳನ್ನ ಎಬ್ಬಿಸೋಕೆ ಮಾತ್ರ ಆಗಲ್ಲ. ನೀನು ಬಾ."

"ಒಂದು ಹುಡುಗೀನ ಎಬ್ಬಿಸೋಕೆ ನಾನು ಬರಬೇಕಾ?"

"ಬಂದು ನೋಡು," ಅಂದಳು.

'ಇವಳು' ಅಂದರೆ ತಂಗಿಯ ಮಗಳು. ಹದಿನೇಳು ವರ್ಷ, ಎರಡನೇ ಪಿಯುಸಿ, ವಿಜ್ಞಾನ. ಕಾಲೇಜು ಮೂಡಿಗೆರೆಯಲ್ಲಿ. ಕಳಸದಿಂದ ಬರುವ ಬಸ್ಸು ಇವರ ಗೇಟಿನ ಮುಂದೆ ಆರೂ ಐವತ್ತಕ್ಕೆ ಹಾದುಹೋಗುತ್ತದೆ. ಅದು ತಪ್ಪಿದರೆ ಇನ್ನೊಂದು ಬಸ್ಸು ಒಂಬತ್ತೂವರೆಗೆ. ತಂಗಿಯ ಗಂಡ ಜೀಪಿನಲ್ಲಿ ಬಿಡೋಣವೆಂದರೆ ಕೊಯ್ಲಿನ ಕಾಲದಲ್ಲಿ ಅದಾಗದು. ಐದೂವರೆಗೆ ಅವರು ಆಳುಗಳನ್ನು ಕರೆತರಲು ಕಳಸದ ಕಡೆ ಹೋಗದಿದ್ದರೆ, ಆಳುಗಳು ಮೊದಲು ಬಂದ ಬೇರೆಯವರ ಜೀಪು ಹತ್ತಿರುತ್ತಾರೆ. ಎರಡು ವಾರ ಬಿಟ್ಟು ಒಂಬತ್ತು ಗಂಟೆಗೆ ಫಿಸಿಕ್ಸ್ ಪ್ರಾಕ್ಟಿಕಲ್ ಪರೀಕ್ಷೆ. ತಡವಾದವರನ್ನು ಒಳಗೆ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದರಂತೆ. ಹುಡುಗಿಯ ಒಂದು ವರ್ಷ ಆರೂ ಐವತ್ತರ ಬಸ್ಸಿನ ಮೇಲೆ ನಿಂತಿತ್ತು.

ಬಸ್ ಹೊರಟಿತು

ನನ್ನ ವೃತ್ತಿಯಲ್ಲಿ ಒಂದು ಗುಟ್ಟಿದೆ. ಬಾಗಿಲು ಬಡಿಯಬಾರದು, ಕೂಗಬಾರದು. ಬಾಗಿಲ ಹತ್ತಿರ ಬಾಯಿಟ್ಟು, ಯಾರಿಗೋ ಹೇಳುವ ಹಾಗೆ ಮೆತ್ತಗೆ "ಬಸ್ ಹೊರಟಿತು" ಅನ್ನಬೇಕು. ಕೈರೋದಲ್ಲಿ ಇಷ್ಟಕ್ಕೇ ಒಬ್ಬ ನಿವೃತ್ತ ತಹಶೀಲ್ದಾರರು ಪಂಚೆ ಉಟ್ಟುಕೊಂಡೇ ಲಿಫ್ಟಿಗೆ ಓಡಿ ಬಂದಿದ್ದರು. ಕಠ್ಮಂಡುವಿನಲ್ಲಿ ನಮ್ಮ ತಂಡಕ್ಕೆ ಸೇರದ ಇಬ್ಬರು ಎದ್ದು ಬಂದು ನಮ್ಮ ಬಸ್ಸಿನಲ್ಲಿ ಕೂತಿದ್ದರು.

ಮೊದಲ ದಿನ ಆರು ಗಂಟೆಗೆ ಮಹಡಿ ಹತ್ತಿದೆ. ಹುಡುಗಿ ಕಂಬಳಿಯೊಳಗೆ ಒಂದು ಮೂಟೆಯ ಹಾಗಿದ್ದಳು. ಬಾಗಿಲಲ್ಲಿ ನಿಂತು ಅದೇ ಹದದ ದನಿಯಲ್ಲಿ ಹೇಳಿದೆ: "ಬಸ್ ಹೊರಟಿತು."

ಮೂಟೆ ಅಲುಗಿತು. ಗೆದ್ದೆ ಅಂದುಕೊಂಡೆ. ಒಳಗಿಂದ ಬಹಳ ಕನಿಕರದ ದನಿ ಬಂತು.

"ಹೋಗ್ಲಿ ಬಿಡಿ ದೊಡ್ಡಮ್ಮ. ಎಷ್ಟೊತ್ತು ಅಂತ ಕಾಯುತ್ತೆ, ಪಾಪ."

ಅಕ್ಕಿ ಡಬ್ಬದ ಅಲಾರಂ

ಬಸ್ಸು ತಪ್ಪಿದ ಆ ದಿನ ಹುಡುಗಿ ಜಗಲಿಯಲ್ಲಿ ಕೂತು ಅತ್ತಳು. ಸೋಮಾರಿಯಲ್ಲ ಅವಳು. ಎದ್ದ ಮೇಲೆ ಮನೆ ಗುಡಿಸುತ್ತಾಳೆ, ಅಮ್ಮನ ಕಾಲಿಗೆ ದಿಂಬು ಕೊಡುತ್ತಾಳೆ, ರೆಕಾರ್ಡ್ ಬರೆಯುತ್ತಾಳೆ. "ನಾನು ಬೇಕಂತ ಮಾಡಲ್ಲ ದೊಡ್ಡಮ್ಮ, ನಿಜವಾಗ್ಲೂ ಏನೂ ಕೇಳಿಸಲ್ಲ," ಅಂದಳು. ಹಾಗಾದರೆ ಕೇಳಿಸುವ ಹಾಗೆ ಮಾಡೋಣ ಎಂದು ಇಬ್ಬರೂ ಸೇರಿಯೇ ಏರ್ಪಾಟು ಮಾಡಿದೆವು. ಮನೆಯ ಮೂರೂ ಫೋನುಗಳಿಗೆ ಅಲಾರಂ ಇಟ್ಟೆವು. ಒಂದನ್ನು ಖಾಲಿ ಅಕ್ಕಿ ಡಬ್ಬದಲ್ಲಿ ಹಾಕಿದೆವು, ಒಂದನ್ನು ತಾಮ್ರದ ಹಂಡೆಯಲ್ಲಿ. ಮೂರನೆಯದು ಲೆಕ್ಕ ಬಿಡಿಸಿದರೆ ಮಾತ್ರ ಬಾಯಿ ಮುಚ್ಚುವಂಥದ್ದು. ಆ ಆ್ಯಪನ್ನು ಅವಳೇ ಇಳಿಸಿಕೊಂಡು, ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡಳು.

ಬೆಳಗ್ಗೆ ಮೂರೂ ಒಟ್ಟಿಗೆ ಹೊಡೆದವು. ನಾಯಿ ಊಳಿಟ್ಟಿತು. ಕಾಫಿ ಒಣಗಿಸುವ ಕಣದಾಚೆ ಮನೆಯಲ್ಲಿರುವ, ತೋಟದ ಆಳುಗಳ ಮೇಸ್ತ್ರಿ ಹೆಗಲಿಗೆ ಟವೆಲು ಹಾಕಿಕೊಂಡು ಓಡಿಬಂದು, ಅಂಗಳದಲ್ಲಿ ನಿಂತು, ದನಿ ಇಳಿಸಿ ಕೇಳಿದ.

"ಅಮ್ಮ, ಮನೇಲಿ ಯಾರಾದ್ರೂ ತೀರಿಕೊಂಡ್ರಾ?"

ಅವನಿಗೆ ಸಮಾಧಾನ ಹೇಳಿ ಮೇಲೆ ಹೋಗುವಷ್ಟರಲ್ಲಿ ಎಲ್ಲ ಸದ್ದೂ ನಿಂತಿತ್ತು. ಅಕ್ಕಿ ಡಬ್ಬದ ಮುಚ್ಚಳ ಹಾಕಿತ್ತು. ಹಂಡೆಯ ಫೋನು ಚಾರ್ಜಿಗೆ ಸೇರಿತ್ತು. ಹುಡುಗಿ ಮತ್ತೆ ಕಂಬಳಿಯೊಳಗೆ. ಪಕ್ಕದ ಫೋನಿನಲ್ಲಿ ಐದು ಲೆಕ್ಕ, ಐದಕ್ಕೆ ಐದೂ ಸರಿ.

ಕಿರುಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ ಬಂದದ್ದು ಐವತ್ತಕ್ಕೆ ಹದಿಮೂರು. ಎಚ್ಚರ ಇರುವಾಗ ಬರೆದದ್ದೇ ತಪ್ಪಾಯಿತೇನೋ ಎಂದು ನಮ್ಮ ಅನುಮಾನ.

ಅಕ್ಕಿ ರೊಟ್ಟಿ

ಕಿವಿ ಕೈಕೊಟ್ಟಿತು, ಮೂಗು ನೋಡೋಣ ಎಂದರು ತಂಗಿಯ ಗಂಡ. ತಾವು ಚಿಕ್ಕವರಿದ್ದಾಗ ರೊಟ್ಟಿಯ ವಾಸನೆಗೇ ಏಳುತ್ತಿದ್ದರಂತೆ. ನಾನು ಸುಡು ಸುಡು ಅಕ್ಕಿ ರೊಟ್ಟಿಗೆ ಬೆಣ್ಣೆ ಹಚ್ಚಿ, ತಟ್ಟೆ ಒಯ್ದು ಮೂಗಿನ ಹತ್ತಿರ ಹಿಡಿದೆ.

ಮೂಗು ಎದ್ದಿತು. ಆಮೇಲೆ ಬಾಯಿ ತೆರೆಯಿತು. ಒಂದು ತುಂಡು ಇಟ್ಟೆ, ಅಗಿದು ನುಂಗಿದಳು. ಕುತೂಹಲಕ್ಕೆ ಇನ್ನೊಂದು ತುಂಡು ಇಟ್ಟೆ. ಚಟ್ನಿಯಿಲ್ಲದ ತುಂಡನ್ನು ನಾಲಗೆಯಿಂದ ಹೊರಗೆ ತಳ್ಳಿದಳು, ಚಟ್ನಿ ಹಚ್ಚಿದ್ದನ್ನು ಒಳಗೆಳೆದುಕೊಂಡಳು. ಕಣ್ಣು ಮಾತ್ರ ತೆರೆಯಲಿಲ್ಲ. ಹೀಗೆ ಒಂದೂವರೆ ರೊಟ್ಟಿ ಹೋಯಿತು.

ಕಡೆಗೆ ಅವಳನ್ನು ಕೂರಿಸಿ, ಮುಖಕ್ಕೆ ನೀರು ಹಾಕಿ, ಚಪ್ಪಲಿ ತೊಡಿಸಿ, ಗೇಟಿನ ತನಕ ತಳ್ಳಿಕೊಂಡು ಹೋಗಿ ಬಸ್ಸು ಹತ್ತಿಸಿದೆ. ಸಂಜೆ ಬಂದವಳೇ ಅಮ್ಮನ ಹತ್ತಿರ ದೂರು.

"ದೊಡ್ಡಮ್ಮ ಒಳ್ಳೆಯವರೇ. ಆದ್ರೆ ಬೆಳಗ್ಗೆ ತಿಂಡಿ ಕೊಡದೇ ಕಳಿಸ್ತಾರೆ ಅಮ್ಮ."

ಕಿಟಕಿ ಪಕ್ಕದ ಸೀಟು

ಇಷ್ಟರಲ್ಲಿ ಎಬ್ಬಿಸುವ ಹಟಕ್ಕಿಂತ, ಈ ನಿದ್ದೆಯೊಳಗೆ ನಡೆಯುವುದಾದರೂ ಏನು ಎಂಬ ಕುತೂಹಲ ನನಗೆ ಜಾಸ್ತಿಯಾಗಿತ್ತು. ನಾನು ವಿಮಾನದಲ್ಲಿ, ಹಡಗಿನಲ್ಲಿ, ಒಮ್ಮೆ ಒಂಟೆಯ ಮೇಲೂ ನಿದ್ದೆ ಮಾಡುವವರನ್ನು ನೋಡಿದ್ದೇನೆ. ಇಷ್ಟು ಆಳಕ್ಕೆ ಇಳಿದವರನ್ನು ನೋಡಿರಲಿಲ್ಲ. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ.

"ಎದ್ಯಾ?"

"ಎದ್ದೆ ದೊಡ್ಡಮ್ಮ." ಕಣ್ಣು ಮುಚ್ಚಿಯೇ ಇದೆ.

"ಸ್ನಾನ?"

"ಆಯ್ತು."

"ಈಗೆಲ್ಲಿದೀಯ?"

"ಬಸ್ಸಲ್ಲಿ."

"ಸೀಟ್ ಸಿಕ್ತಾ?"

"ಹ್ಞೂಂ. ಕಿಟಕಿ ಪಕ್ಕ."

"ಎಲ್ಲಿಗೆ ಬಂತು?"

"ಕೊಟ್ಟಿಗೆಹಾರ. ಇಲ್ಲಿ ನೀರ್‌ದೋಸೆ ತಿನ್ನೋಕೆ ನಿಲ್ಲಿಸ್ತಾರೆ."

ನಾನು ಕೆಳಗಿಳಿದು ಬಂದೆ. "ಎದ್ದಳಾ?" ಎಂದು ತಂಗಿ ಕೇಳಿದಳು.

"ಅವಳು ಆಗಲೇ ಕೊಟ್ಟಿಗೆಹಾರ ತಲುಪಿದಾಳೆ. ತಡ ಮಾಡ್ತಿರೋದು ನಾವೇ," ಅಂದೆ.

ಮೋಡ

ಪರೀಕ್ಷೆಗೆ ನಾಲ್ಕು ದಿನ ಇತ್ತು. ಅಂದು ಭಾನುವಾರ ಮಧ್ಯಾಹ್ನ. ಹುಡುಗಿ ಮಹಡಿಯಲ್ಲಿ ಮಲಗಿದ್ದಳು. ಮನೆ ಮುಂದಿನ ಕಣದ ತುಂಬ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಬಿಸಿಲಿಗೆ ಹರಡಿತ್ತು. ತಂಗಿ ಜಗಲಿಯಲ್ಲಿ ಕಾಲು ಚಾಚಿಕೊಂಡು ಕೂತವಳು ಆಕಾಶ ನೋಡಿ, "ಕುದುರೆಮುಖದ ಕಡೆ ಕಪ್ಪಾಗ್ತಿದೆಯಲ್ಲ," ಎಂದಳು, ಉಪ್ಪು ಮುಗೀತು ಅನ್ನುವಷ್ಟೇ ದನಿಯಲ್ಲಿ. ಅವಳ ಗಂಡ ಎದ್ದು ಮೂಲೆಯಲ್ಲಿದ್ದ ನೀಲಿ ಟಾರ್ಪಾಲನ್ನು ಎಳೆದರು. ಅದು ಸಿಮೆಂಟಿನ ಮೇಲೆ ಪರ್ರ್ ಎಂದಿತು.

ಅವರು ಎರಡು ಮಾರು ಎಳೆದಿರಲಿಲ್ಲ, ಟಾರ್ಪಾಲಿನ ಇನ್ನೊಂದು ತುದಿ ಹುಡುಗಿಯ ಕೈಯಲ್ಲಿತ್ತು. ಮೆಟ್ಟಿಲು ಇಳಿದದ್ದನ್ನು ನಾನು ನೋಡಲೇ ಇಲ್ಲ. ಕೂದಲು ಬಿಚ್ಚಿದೆ, ಒಂದು ಕಾಲಿಗೆ ಚಪ್ಪಲಿ ಇಲ್ಲ. ಕಾಫಿ ಮುಚ್ಚಿ, ಮೂಲೆಗೆ ಕಲ್ಲಿಟ್ಟು, ಆಮೇಲೆ ಕಣ್ಣು ತೆರೆದು ಕೇಳಿದಳು.

"ಮಳೆ ಬಂತಾ?"

ನಾನು ತಂಗಿಯ ಮುಖ ನೋಡಿದೆ. "ಇದು ನಿನಗೆ ಮೊದಲೇ ಗೊತ್ತಿತ್ತಾ ಮಾರಾಯ್ತಿ?"

"ಇದರಲ್ಲಿ ಗೊತ್ತಾಗೋದೇನಕ್ಕ. ಒಣಗ್ತಿರೋ ಪಾರ್ಚ್‌ಮೆಂಟ್ ಮೇಲೆ ಮಳೆ ಬಿದ್ರೆ ವರ್ಷದ ಬೆಳೆ ಬೂಸ್ಟು ಹಿಡಿದು ಹೋಯ್ತು. ಇಲ್ಲಿ ಮಕ್ಕಳು ನಡೆಯೋಕೆ ಕಲಿತ ದಿನಾನೇ ಟಾರ್ಪಾಲಿನ ಮೂಲೆ ಹಿಡೀತಾವೆ."

ಹಾಗಾದರೆ ಅವಳ ಕಿವಿ ಮುಚ್ಚಿಕೊಂಡಿರಲಿಲ್ಲ. ಯಾವ ಸದ್ದಿಗೆ ಏಳಬೇಕು, ಯಾವುದನ್ನು ಬಿಡಬೇಕು ಎಂದು ಕೂತು ಆರಿಸುತ್ತಿತ್ತು. ನಮ್ಮ ಅಲಾರಂ, ಬಸ್ಸು, ನಾನು, ಯಾರೂ ಆ ಪಟ್ಟಿಯಲ್ಲಿ ಇರಲಿಲ್ಲ ಅಷ್ಟೆ. ನಾಳೆಯಿಂದಲೇ ಟಾರ್ಪಾಲು ಎಳೆಯುತ್ತೇನೆ ಅಂದೆ. ತಂಗಿ ಒಪ್ಪಲಿಲ್ಲ.

"ಆ ಸದ್ದಿನ ಜೊತೆ ಆಟ ಬೇಡಕ್ಕ. ಸುಮ್ಮಸುಮ್ಮನೆ ಎಳೆದ್ರೆ ನಿಜವಾದ ಮಳೆ ದಿನ ಯಾರೂ ಏಳಲ್ಲ."

"ಯಾರೂ ಅಂದ್ರೆ? ಇರೋದು ಇವಳೊಬ್ಬಳು ತಾನೇ?"

ತಂಗಿ ಕಣದಾಚೆ ಮೇಸ್ತ್ರಿಯ ಮನೆಯ ಕಡೆ ಕಣ್ಣು ಹಾಯಿಸಿದಳು. ಪರೀಕ್ಷೆಯ ದಿನ, ಒಂದೇ ಒಂದು ಸಲ ಎಳೆಯುವುದು ಎಂದು ತೀರ್ಮಾನವಾಯಿತು.

ಪ್ರಾಕ್ಟಿಕಲ್ ದಿನ

ಆ ದಿನ ಆರು ಗಂಟೆಗೆ ಕಣಕ್ಕೆ ಇಳಿದೆ. ಇಬ್ಬನಿಗೆ ಒದ್ದೆಯಾಗದಿರಲಿ ಎಂದು ಪಾರ್ಚ್‌ಮೆಂಟನ್ನು ಸಂಜೆಯೇ ರಾಶಿ ಮಾಡಿ ಟಾರ್ಪಾಲು ಮುಚ್ಚಿರುತ್ತಾರೆ. ಹಿಂದಿನ ದಿನ ಕೊಯ್ದ ಹಣ್ಣುಕಾಫಿ ಮಾತ್ರ ಪಕ್ಕದಲ್ಲಿ ಹಾಗೇ ಹರಡಿರುತ್ತದೆ. ರಾಶಿಯ ಮೇಲಿನ ಟಾರ್ಪಾಲು ತೆಗೆದು ಕಣದ ಈ ತುದಿಯಿಂದ ಆ ತುದಿಗೆ ಎಳೆದೆ. ಹೊಸಬಳಾದ್ದರಿಂದ ಸ್ವಲ್ಪ ಉತ್ಸಾಹದಿಂದಲೇ ಎಳೆದೆ.

ಹುಡುಗಿ ಬಂದಳು. ಮೆಟ್ಟಿಲ ಮೇಲೆ ಅವಳ ಕಾಲಿನ ಸದ್ದು ಕೇಳಿ ಇಪ್ಪತ್ತೆರಡು ವರ್ಷದಲ್ಲಿ ಆಗದ ಸಂತೋಷ ನನಗಾಯಿತು. ಅಷ್ಟರಲ್ಲಿ ಮೇಸ್ತ್ರಿಯ ಮನೆಯ ದೀಪ ಹತ್ತಿತು. "ಮಳೆ, ಮಳೆ," ಎನ್ನುತ್ತ ಅವನು, ಅವನ ಹೆಂಡತಿ ಹಣ್ಣುಕಾಫಿಯ ಕಡೆ ಓಡಿದರು. ಅವನ ಕೂಗು ಪಕ್ಕದ ತೋಟದವರಿಗೆ ಕೇಳಿತು. ಅಲ್ಲಿ ಟಾರ್ಪಾಲು ಪರ್ರ್ ಎಂದಿತು. ಅದು ಎದುರು ಗುಡ್ಡಕ್ಕೆ ಕೇಳಿತು. ಐದು ನಿಮಿಷದಲ್ಲಿ ಬಾಳೂರಿನ ಈ ಇಳಿಜಾರಿನ ಕಣಗಳಲ್ಲೆಲ್ಲ ದೀಪ ಹತ್ತಿ, ಜನ ಕಾಫಿ ಮುಚ್ಚುತ್ತಿದ್ದರು. ಮೇಲೆ ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ಶುಕ್ರ ಲಕಲಕ ಹೊಳೆಯುತ್ತಿದ್ದ. ಯಾರೋ ಫೋನ್ ಮಾಡಿದ್ದರಿಂದ ತಂಗಿಯ ಗಂಡ ಹನ್ನೆರಡು ಜನ ಹೆಂಗಸರನ್ನು ತುಂಬಿಕೊಂಡು ಜೀಪನ್ನು ಓಡಿಸಿಕೊಂಡು ಬಂದರು, ಆಕಾಶ ನೋಡಿ ಅವರನ್ನು ಇಳಿಸಿ, ಉಳಿದ ಆಳುಗಳು ಬೇರೆಯವರ ಜೀಪು ಹತ್ತುವ ಮೊದಲು ಎಂದು ಹಾಗೇ ತಿರುಗಿ ಹೋದರು. ನಾನು ಎಲ್ಲರಿಗೂ ವಿವರಿಸಿ, ಕ್ಷಮೆ ಕೇಳಿ, ತಿರುಗಿ ನೋಡುತ್ತೇನೆ, ರಾಶಿಯ ಮೇಲೆ ಟಾರ್ಪಾಲು ಅಚ್ಚುಕಟ್ಟಾಗಿ ಕೂತಿದೆ, ನಾಲ್ಕೂ ಮೂಲೆಗೆ ಕಲ್ಲಿದೆ. ಹುಡುಗಿ ಇಲ್ಲ.

ಮಹಡಿಯಲ್ಲಿ ಇಲ್ಲ, ಬಚ್ಚಲಲ್ಲಿ ಇಲ್ಲ. ಗಂಟೆ ಆರೂ ನಲವತ್ತೈದು. ದೂರದ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತು. ಜಗಲಿಯಿಂದ ತಂಗಿ, "ಅಕ್ಕ, ನನ್ನ ಮಗಳ ವರ್ಷ ಹೋಯ್ತು," ಎಂದು ಅಳತೊಡಗಿದಳು.

ಮೇಸ್ತ್ರಿ ಮಾತ್ರ ಕಣದ ನಡುವೆ ನಿಂತು ರಾಶಿಯನ್ನೇ ನೋಡುತ್ತಿದ್ದ. "ಅಮ್ಮ," ಎಂದ, "ನಿನ್ನೆ ಸಂಜೆ ರಾಶಿ ಮಾಡಿದ್ದು ನಾನೇ. ಈ ಕಡೆ ಇಷ್ಟು ಉಬ್ಬಿರಲಿಲ್ಲ."

ಟಾರ್ಪಾಲು ಎತ್ತಿದರೆ ಒಳಗೆ ನಮ್ಮ ಹುಡುಗಿ. ದಿನವಿಡೀ ಬಿಸಿಲು ಕುಡಿದ ರಾಶಿ ಬೆಳಗಾದರೂ ಬೆಚ್ಚಗಿರುತ್ತದೆ. ಕೆನ್ನೆಗೆ ಪಾರ್ಚ್‌ಮೆಂಟ್ ಅಂಟಿಸಿಕೊಂಡು ಗಾಢ ನಿದ್ದೆಯಲ್ಲಿದ್ದಳು. ಅಲುಗಿಸಿ ನೋಡುವುದಕ್ಕೂ ಹೊತ್ತಿರಲಿಲ್ಲ. ಕೊಯ್ಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟಾರ್ಪಾಲು ಹಾಸಿ, ಹುಡುಗಿಯನ್ನು ಅದರ ಮೇಲೆ ಉರುಳಿಸಿ, ಕಾಫಿ ಹೊರುವ ಹಾಗೆ ನಾಲ್ಕು ಮೂಲೆಗೆ ನಾಲ್ವರು ಹಿಡಿದು ಗೇಟಿನ ಕಡೆ ಓಡಿದರು. ನಾನು ಅವಳ ಬ್ಯಾಗು, ಚಪ್ಪಲಿ, ರೆಕಾರ್ಡ್ ಹಿಡಿದುಕೊಂಡು ಹಿಂದೆ ಓಡಿದೆ.

ಕಂಡಕ್ಟರು ಬಾಗಿಲಲ್ಲಿ ನಿಂತು ಈ ಮೆರವಣಿಗೆಯನ್ನು ನೋಡಿದ. ಏನು, ಯಾಕೆ ಎಂದು ಕೇಳಲಿಲ್ಲ.

"ಮೇಲೆ ಹಾಕೋದಾ, ಒಳಗಾ?" ಎಂದ.

ನಾನೂ ಜೊತೆಗೆ ಹೋದೆ. ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಕೊಟ್ಟಿಗೆಹಾರದಲ್ಲಿ ಹುಡುಗಿ ಕಣ್ಣು ಬಿಟ್ಟು, ಒಂದು ಚೂರೂ ಆಶ್ಚರ್ಯವಿಲ್ಲದೆ, "ನೀವ್ಯಾಕೆ ಬಂದ್ರಿ ದೊಡ್ಡಮ್ಮ?" ಎಂದಳು. ಎಂಟೂ ಕಾಲಿಗೇ ಕಾಲೇಜಿನ ಬಾಗಿಲಲ್ಲಿದ್ದೆವು. ಪ್ರಾಕ್ಟಿಕಲ್ ಚೆನ್ನಾಗಿಯೇ ಆಯಿತಂತೆ. ಪರೀಕ್ಷೆ ಮಾಡಿದವರು ಅವಳ ಕೂದಲಿನಿಂದ ಎರಡು ಕಾಫಿ ಬೀಜ ತೆಗೆದುಕೊಟ್ಟರಂತೆ, ಅಷ್ಟೆ.

ನಾನು ಹೊರಡುವ ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆಗೆ ಕುದುರೆಮುಖದ ಕಡೆಯಿಂದ ನಿಜವಾಗಿಯೂ ಮೋಡ ಏಳತೊಡಗಿತು. ಗುಡ್ಡದಾಚೆ ಎಲ್ಲೋ ಸಣ್ಣಗೆ ಗುಡುಗಿತು. ಹುಡುಗಿ ಕಾಲೇಜಿಗೆ, ಉಳಿದವರೆಲ್ಲ ಕೊಯ್ಲಿಗೆ ಹೋಗಿದ್ದರು, ಮನೆಯಲ್ಲಿ ಕಾಲು ಮುರಿದ ತಂಗಿ, ನಾನು, ಇಬ್ಬರೇ. ನಾನು ಟಾರ್ಪಾಲು ಎಳೆಯುತ್ತ, "ಮಳೆ, ಮಳೆ ಬಂತು," ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಇಳಿಜಾರಿನ ಒಂದು ಕಣದಲ್ಲೂ ಯಾರೂ ಅಲುಗಲಿಲ್ಲ. ಪಕ್ಕದ ತೋಟದ ಯಜಮಾನರು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದವರು, ಲೋಟ ಕೆಳಗಿಡದೆ, ಬೇಲಿಯಾಚೆಯಿಂದ ಬಹಳ ಗೌರವದಿಂದ ಕೇಳಿದರು.

"ಇವತ್ತು ಯಾವ ಪರೀಕ್ಷೆ ಅಕ್ಕ?"